ಬಾಗಿಲಲ್ಲಿ ನಿಂತ ಮೂಗು

ಸ್ಮರಣ ಸಂಚಿಕೆಗೆ ಎರಡು ಪುಟ ಬರೆದುಕೊಡಿ ಎಂದು ಗಣಿ ಕಾರ್ಮಿಕರ ಸಂಘದ ಈಗಿನ ಕಾರ್ಯದರ್ಶಿ ನಮ್ಮ ಮನೆಗೆ ಬಂದಿದ್ದ. ವಾಡಿಯಿಂದ ಚಿತ್ತಾಪುರದವರೆಗೆ ಬಿಸಿಲಲ್ಲಿ ಬಂದವನು. ತಂಬಿಗೆ ನೀರು ಕುಡಿದು, ಕೊರಳಲ್ಲಿದ್ದ ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಮಾಸ್ತರ, ನೀವು ಕನ್ನಡ ಕಲಿಸಿದಾವರು. ಲೀಡರ್‌ಗ ಹತ್ತಿರದಿಂದ ನೋಡ್ದಾವರು. ಛಲೋ ಛಲೋ ನಾಲ್ಕು ಮಾತು ಬರೀರಿ" ಎಂದ.

ಛಲೋ ಮಾತುಗಳೇ ಬೇಕಿದ್ದರೆ ಶೋಕಸಭೆಯಲ್ಲಿ ಆಗಿಹೋದವಲ್ಲಪ್ಪ, ಇನ್ನೆಷ್ಟು ಬೇಕು ನಿಮಗೆ? ಆ ಸಭೆಯಲ್ಲಿ ನಾನೂ ಇದ್ದೆ, ಕಟ್ಟಕಡೆಯ ಸಾಲಿನಲ್ಲಿ. ಮೈಕು ಹಿಡಿದವರೆಲ್ಲ ಲೀಡರನ ಮೂಗಿನ ಬಗ್ಗೆಯೇ ಮಾತಾಡಿದರು. "ಮೂಗಂದ್ರ ಮೂಗ್ರೀ ಅದು! ಶಹಾಬಾದದಾಗ ಒಂದು ಗುಟುಕು ಕುಡದ್ರ ವಾಡಿಯಾಗ ಕುಂತು ಹಿಡೀತಿತ್ತು" ಎಂದು ಒಬ್ಬ ಅಂದಾಗ ಜನ ಅಳುತ್ತಲೇ ನಕ್ಕರು. ನಾನು ಅಳಲೂ ಇಲ್ಲ, ನಗಲೂ ಇಲ್ಲ. ಪಕ್ಕದಲ್ಲಿ ಕೂತಿದ್ದ ಮುದುಕನೊಬ್ಬ ನನ್ನ ಮುಖ ನೋಡಿ, ಮಾಸ್ತರು ದುಃಖದಿಂದ ಕಲ್ಲಾಗಿಬಿಟ್ಟಿದ್ದಾರೆ ಅಂದುಕೊಂಡು ಬೆನ್ನು ಸವರಿದ. ಈಗ ಬರೆಯುತ್ತಿದ್ದೇನೆ. ಅಚ್ಚು ಹಾಕುತ್ತೀರೋ, ಭಜಿ ಕಟ್ಟಲು ಕೊಡುತ್ತೀರೋ, ನಿಮಗೆ ಬಿಟ್ಟದ್ದು.

ಅವನ ಹೆಸರು ಬರೆಯುವುದಿಲ್ಲ. ನಮ್ಮಲ್ಲಿ ಯಾರೂ ಹೆಸರು ಹಿಡಿದು ಕರೆದದ್ದೂ ಇಲ್ಲ. ಲೀಡರ್ ಅಂದರೆ ಅವನೇ. ಸತ್ತವರನ್ನು ಏಕವಚನದಲ್ಲಿ ಬರೆಯಬಾರದು ಎಂದು ನಾನೇ ಮಕ್ಕಳಿಗೆ ಹೇಳಿಕೊಟ್ಟವನು. ಆದರೂ ಬರೆಯುತ್ತೇನೆ, ನನಗೆ ಅಷ್ಟಾದರೂ ಬಿಡಿ.

ತೆಳ್ಳಗಿನ ಆಳು. ನೀಲಿ ಅಂಗಿ, ಮೊಣಕಾಲಿಗಿಂತ ಸ್ವಲ್ಪ ಕೆಳಗೆ ನಿಲ್ಲುವ ಪಾಯಜಾಮ, ಹ್ಯಾಂಡಲಿಗೆ ಅಲ್ಯೂಮಿನಿಯಂ ಕ್ಯಾನು ಕಟ್ಟಿದ ಸೈಕಲ್ಲು. ಕ್ಯಾನಿನಲ್ಲಿ ನೀರು. ಕಂಟ್ರಾಕ್ಟರನ ಮನೆಗೆ ಮಾತುಕತೆಗೆ ಹೋದರೆ ಅಲ್ಲಿಯ ನೀರನ್ನೂ ಮುಟ್ಟುತ್ತಿರಲಿಲ್ಲ, ತನ್ನ ಕ್ಯಾನನ್ನೇ ಎತ್ತಿ ಗಟಗಟ ಕುಡಿದು, ಬಾಯಿ ಒರೆಸಿಕೊಂಡು ಮಾತು ಶುರು ಮಾಡುತ್ತಿದ್ದ. ಮದುವೆಯಾಗಲಿಲ್ಲ. ಸೇಡಂ ತಾಲೂಕಿನಲ್ಲಿ ಕೋಡ್ಲಾದ ಕಡೆಯ ಒಂದು ಹಳ್ಳಿಯವನು. ಲಿಂಗಾಯತರ ಮನೆ, ತಾತ ಹಣೆ ತುಂಬ ವಿಭೂತಿ ಹಚ್ಚುತ್ತಿದ್ದನಂತೆ. ಇವನು ಹದಿಹರೆಯದಲ್ಲೇ ಮನೆ ಬಿಟ್ಟು ಸುಣ್ಣದ ಭಟ್ಟಿಯಲ್ಲಿ ದುಡಿದು, ಅಲ್ಲಿಂದ ಕಲ್ಲಿನ ಗಣಿಗೆ ಬಂದು, ಅಲ್ಲಿ ಸಂಘ ಕಟ್ಟಿದ.

ಆಗ ನಮ್ಮ ಕಡೆ ಸರಕಾರಿ ಬೋರ್ಡುಗಳ ಮೇಲೆ ಇನ್ನೂ ಮೈಸೂರು ರಾಜ್ಯ ಎಂದು ಇತ್ತು. ಗಣಿಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಎಬ್ಬಿಸುವವರಿಗೆ ವಾರದ ಪಗಾರ ಕೊಡುತ್ತಿದ್ದದ್ದು ಎಲ್ಲಿ ಗೊತ್ತೇ? ಶೇಂದಿ ಅಂಗಡಿಯ ಕಟ್ಟೆಯ ಮೇಲೆ. ಅಂಗಡಿ ಕಂಟ್ರಾಕ್ಟರನ ಭಾವಮೈದುನನದು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಇಸಿದುಕೊಳ್ಳುವುದು. ಹೆಂಗಸರು ಸೆರಗಿನಲ್ಲಿ ಮಕ್ಕಳನ್ನು ಕಟ್ಟಿಕೊಂಡು ಕಟ್ಟೆಯ ಕೆಳಗೆ ನಿಂತು, ಗಂಡ ಎದ್ದು ಬರುವಾಗ ಜೇಬಿಗೆ ಕೈ ಹಾಕಲು ಕಾಯುತ್ತಿದ್ದರು. ನಮ್ಮವ್ವ ಹಾಗೆ ನಿಂತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದಕ್ಕೇ, ಲೀಡರ್ ಮೊದಲ ಸಭೆಯಲ್ಲಿ ಆಡಿದ ಮಾತನ್ನು ಇವತ್ತಿಗೂ ಅಲ್ಲಗಳೆಯಲು ನನ್ನಿಂದಾಗದು.

"ಕಂಟ್ರಾಕ್ಟರ್ ನಿಮಗ ಚಾಬೂಕಲೇ ಹೊಡೀತಾನೇನು? ಇಲ್ಲ. ಶೇಂದಿ ಕುಡಸ್ತಾನ. ಚಾಬೂಕಾದ್ರ ಒಂದಿನ ಕಸಗೋತಿದ್ರಿ. ಶೇಂದಿ ನೀವೇ ಹೋಗಿ ಕೇಳ್ತೀರಿ. ಅಮಲಿನ್ಯಾಗ ಕೂಗಿದ ಜಿಂದಾಬಾದ್ ನನಗ ಬ್ಯಾಡ."

ಯಾರೋ ಒಬ್ಬ ಎದ್ದು, ದೇವರಾಣೆ ಇನ್ನು ಕುಡಿಯುವುದಿಲ್ಲ ಅಂದನಂತೆ. ಲೀಡರ್ ಸಿಟ್ಟಿಗೆದ್ದ. "ದೇವರ ಸುದ್ದಿ ಯಾಕ ತರ್ತೀ? ನಮ್ಮ ಮನ್ಯಾಗ ಕುಡಿಯಂಗಿದ್ದಿಲ್ಲ, ಅದು ಮಡಿ. ಇದು ಮಡಿ ಅಲ್ಲ, ಲಡಾಯಿ. ಕುಡದ್ರ ನಾ ಕಂಟ್ರಾಕ್ಟರನ ನಾಯಿ ಅಂತ ಆಣಿ ಹಾಕು." ಆವತ್ತಿನಿಂದ ಸಂಘದ ಆಣೆ ಅದೇ ಆಯಿತು. ಸಣ್ಣ ಮಕ್ಕಳು ಗೋಲಿ ಆಡುವಾಗಲೂ ಅದೇ ಆಣೆ ಹಾಕುತ್ತಿದ್ದವು.

ಬಾಗಿಲಿನ ಪದ್ಧತಿ ಶುರುವಾದದ್ದು ಅದರ ಬೆನ್ನಿಗೇ. ವಾಡಿಯಲ್ಲಿ ಸಂಘದ ಆಫೀಸು ಅಂದರೆ ಫರಸಿ ಹೊದಿಸಿದ ಒಂದು ಉದ್ದನೆಯ ಕೋಣೆ, ಅದಕ್ಕೊಂದು ಬಾಗಿಲು. ಪ್ರತಿ ಭಾನುವಾರ ಮಧ್ಯಾಹ್ನ ಸಭೆ. ಲೀಡರ್ ಹೊಸ್ತಿಲ ಮೇಲೆ ಒಂದು ಕಾಲಿಟ್ಟು ನಿಲ್ಲುತ್ತಿದ್ದ. ಒಬ್ಬೊಬ್ಬರೇ ಹೋಗಿ ಅವನ ಮುಖಕ್ಕೆ ಬಾಯಿ ತಂದು ಊದಬೇಕು. ಊದಿಸಿಕೊಂಡು, ತಲೆ ಸ್ವಲ್ಪ ವಾರೆ ಮಾಡಿ ನೋಡಿ, ಒಂದೇ ಮಾತು ಹೇಳುತ್ತಿದ್ದ. "ಒಳಗ." ಇಲ್ಲವೇ, "ಹೊರಗ."

ಹೊರಗ ಅಂದರೆ ಸಭೆಯಿಂದ ಹೊರಗೆ ಅಂತ ತಿಳಿಯಬೇಡಿ. ಅಂಥವನನ್ನು ಯಾವ ಗ್ಯಾಂಗೂ ಗಣಿಗೆ ಇಳಿಸಿಕೊಳ್ಳುತ್ತಿರಲಿಲ್ಲ. ಅವನ ಬೀಡಿಗೆ ಯಾರೂ ಬೆಂಕಿ ಕೊಡುತ್ತಿರಲಿಲ್ಲ. ಅವನ ಮನೆಯ ತೊಟ್ಟಿಲಿಗೆ ಹೆಂಗಸರು ಹೋಗುತ್ತಿರಲಿಲ್ಲ. ಮುಂದೊಂದು ಭಾನುವಾರ ಲೀಡರ್ ತಾನಾಗಿ "ಒಳಗ" ಅನ್ನುವ ತನಕ ಅವನು ಬದುಕಿದ್ದೂ ಇಲ್ಲದ ಹಾಗೆ.

ಭಾಳ ಮಂದಿ ಬಿಟ್ಟರು. ಇದನ್ನು ಹೇಳದಿದ್ದರೆ ನಾನೂ ಸುಳ್ಳನಾಗುತ್ತೇನೆ. ಹೆಂಗಸರ ಕೈಗೆ ಬಳೆ ಬಂದವು, ಮಕ್ಕಳು ಸ್ಲೇಟು ಹಿಡಿದು ಶಾಲೆಗೆ ಬಂದರು, ಅವರಲ್ಲಿ ಕೆಲವರಿಗೆ ನಾನೇ ಅಕ್ಷರ ಕಲಿಸಿದ್ದೇನೆ. ಮುಷ್ಕರ ಹೂಡಿದಾಗ ಕಂಟ್ರಾಕ್ಟರ್ ಎಂದಿನಂತೆ ಪೀಪಾಯಿಗಟ್ಟಲೆ ಶೇಂದಿ ಕಳಿಸಿದ. ಯಾರೂ ಮುಟ್ಟಲಿಲ್ಲ. ಹೆಂಗಸರು ಕಲ್ಲು ಹೊಡೆಯುವ ಸುತ್ತಿಗೆ ತಂದು ಅಂಗಡಿಯ ಗಡಿಗೆ ಒಡೆದರು. ಪಗಾರ ಕೊಡುವ ಜಾಗ ಕಟ್ಟೆಯಿಂದ ಗಣಿಯ ಬಾಯಿಗೆ ಬಂತು. ಇದೆಲ್ಲ ಆದದ್ದು ಆ ಬಾಗಿಲಿನಿಂದಲೇ.

ಒಂದು ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿ ಕೊಟ್ಟ ಸಾರಾಯಿ ಕುಡಿದು ಕೆಲವು ಹುಡುಗರು ಸಿಕ್ಕಿಬಿದ್ದರು. ಲೀಡರ್ ಅವರನ್ನು ಬೈಯಲಿಲ್ಲ. ಖಾಲಿ ಗಡಿಗೆಗಳನ್ನು ತಲೆಯ ಮೇಲೆ ಬೋರಲು ಹಾಕಿಸಿ, ಅಪ್ಪ ಅವ್ವ ಹೆಂಡತಿ ಎಲ್ಲರ ಎದುರಿಗೆ ಬಿಸಿಲಲ್ಲಿ ನಿಲ್ಲಿಸಿದ. ನಮ್ಮ ಬಿಸಿಲು ನಿಮಗೆ ಗೊತ್ತಲ್ಲ, ಫರಸಿಯ ಮೇಲೆ ಬರಿಗಾಲಿಟ್ಟರೆ ಚರ್ಮ ಏಳುತ್ತದೆ. ಅವರಲ್ಲೊಬ್ಬನ ಹೆಂಡತಿ ನೀರು ತಂದಳು. ಲೀಡರ್ ಅವಳ ಕೈಯಿಂದ ಚೆಂಬು ಇಸಿದುಕೊಂಡು ತಾನು ಕುಡಿದ. ಜನ ಚಪ್ಪಾಳೆ ಹೊಡೆದರು.

ಚಾಚಾನ ಸುದ್ದಿ ಇನ್ನೊಂದು. ಶಹಾಬಾದದ ಮುದುಕ, ಫರಸಿಯ ಅಂಚು ಕೆತ್ತುವುದರಲ್ಲಿ ಅವನಂಥವನಿಲ್ಲ. ಹುಡುಗನಿದ್ದಾಗಿನಿಂದ ಕುಡಿದವನು, ಕುಡಿಯದಿದ್ದರೆ ಕೈ ನಡುಗುತ್ತಿತ್ತು. ಅವನ ಹೆಂಡತಿ ಬೀಬಿ, "ಲೀಡರ್‌ಸಾಬ್, ಒಮ್ಮೆಲೇ ಬಿಡಸಬ್ಯಾಡ್ರಿ, ಥೋಡಾ ಥೋಡಾ ಕಡಿಮಿ ಮಾಡ್ರಿ, ಪಾಂವ ಬೀಳ್ತೀನಿ" ಎಂದು ಕಾಲು ಹಿಡಿದು ಬೇಡಿಕೊಂಡಳು. "ಲಡಾಯಿಯಾಗ ಥೋಡಾ ಥೋಡಾ ಇಲ್ಲ" ಎಂದು ಇವನು ಚಾಚಾನನ್ನು ಆಫೀಸಿನ ಹಿಂದಿನ ಕೋಣೆಯಲ್ಲಿ ಕೂಡಿಹಾಕಿದ. ಮುದುಕ ಗೋಡೆಯ ತುಂಬ ಇರುವೆ ಹರಿದಾಡುತ್ತಿವೆ ಅಂದ, ನಡುಗಿದ, ಹಾಸಿಗೆಯಲ್ಲೇ ಎಲ್ಲ ಮಾಡಿಕೊಂಡ, ಕಡೆಗೆ ಹಲ್ಲು ಕಚ್ಚಿ ಸೆಟೆದು ಸತ್ತ. ಅಷ್ಟು ದಿನವೂ ಅವನ ಹೇಲು ಉಚ್ಚೆ ಬಳಿದದ್ದು ಲೀಡರನೇ. ಉಳಿದವರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಾಗಿಲಿಂದಲೇ ಹಿಂದೆ ಸರಿದರೆ, ಇವನು ಬರಿ ಮುಖದಲ್ಲಿ ಬಗ್ಗಿ ಒರೆಸುತ್ತಿದ್ದ. ಎಂಥ ತಾಯಿಕರುಳು ನೋಡ್ರಿ ಎಂದು ಮಂದಿ ಕಣ್ಣೀರು ಹಾಕಿದರು. ಮಣ್ಣಿಗಿಟ್ಟ ಮೇಲೆ ಇವನು ಹೇಳಿದ್ದು ಒಂದೇ ಮಾತು, "ಚಾಚಾ ಗೆದ್ದು ಸತ್ತಾನ." ಬೀಬಿ ಆ ಮಾತು ಕೇಳಿ ಅವನ ಮುಖ ನೋಡಿದಳಂತೆ. ಆಮೇಲೆ ಅವಳು ಸಂಘದ ಕಡೆ ಸುಳಿಯಲಿಲ್ಲ.

ಈಗ ನಮ್ಮಣ್ಣನ ಸುದ್ದಿಗೆ ಬರುತ್ತೇನೆ. ಅದಕ್ಕಾಗಿಯೇ ಬರೆಯಲು ಕೂತದ್ದು.

ಅಣ್ಣ ನನಗಿಂತ ಭಾಳ ದೊಡ್ಡವನು. ಅಪ್ಪ ಸತ್ತ ಮೇಲೆ ಗಣಿಗೆ ಇಳಿದು ನನ್ನನ್ನು ಓದಿಸಿದವನು. ಅವನೂ ಕುಡಿಯುತ್ತಿದ್ದ, ಜೋರಾಗಿಯೇ ಕುಡಿಯುತ್ತಿದ್ದ. ಲೀಡರನ ಮಾತು ಕೇಳಿ ಒಂದು ದಿನ ಬಿಟ್ಟವನು ಬಿಟ್ಟ. ಲೀಡರ್ ಅವನನ್ನು ಊರೂರಿಗೆ ಕರೆದುಕೊಂಡು ಹೋಗಿ ಸಭೆಗಳಲ್ಲಿ ನಿಲ್ಲಿಸಿ, "ಇವನಿಗಿ ನೋಡ್ರಿ, ಇವನೇ ನಮ್ಮ ಝಂಡಾ" ಅನ್ನುತ್ತಿದ್ದ. ಅಣ್ಣನ ಹೆಂಡತಿ, ನನ್ನ ವೈನಿ, ಗಡಿಗೆ ಒಡೆದ ಹೆಂಗಸರಲ್ಲಿ ಮುಂದಿನವಳು. ಅವಳು ಚಿಂಚೋಳಿಯ ಪಕ್ಕದ ಚಂದಾಪುರದ ಹೆಣ್ಣು, ಮಾತು ಕಡಿಮೆ, ಹಟ ಹೆಚ್ಚು. ಅವಳಿಗೆ ಲೀಡರ್ ಅಂದರೆ ದೇವರಿಗಿಂತ ಒಂದು ಕೈ ಮೇಲೆ. ಕೂಸು ಹುಟ್ಟಿದಾಗ ಹೆಸರಿಡಲು ಅವನನ್ನೇ ಕರೆದಿದ್ದಳು.

ಒಂದು ಸಂಜೆ ಲೀಡರ್ ಅಣ್ಣನ ಮನೆಗೆ ಊಟಕ್ಕೆ ಬಂದ. ವೈನಿ ಜೋಳದ ರೊಟ್ಟಿ, ಪುಂಡಿಪಲ್ಯ ಮಾಡಿದ್ದಳು. ಕಂದೀಲಿಗೆ ಘಾಸಲೇಟ್, ಅದೇ ಸೀಮೆಎಣ್ಣೆ, ಹೊಯ್ಯುವಾಗ ಅವಸರದಲ್ಲಿ ಪಲ್ಯದ ಪಾತ್ರೆಯೊಳಕ್ಕೇ ಚೆಲ್ಲಿದೆ, ಅವಳಿಗೆ ಗೊತ್ತಾಗಿಲ್ಲ. ಲೀಡರ್ ಪಲ್ಯ ಹಚ್ಚಿ ಒಂದು ರೊಟ್ಟಿ ತಿಂದ, ಎರಡನೆಯದನ್ನೂ ತಿಂದ, "ಭಾಳ ಛಲೋ ಆಗ್ಯದ ತಂಗಿ, ಇನ್ನೊಂದಿಷ್ಟು ಹಾಕು" ಎಂದ. ಆಮೇಲೆ ಅಣ್ಣ ಒಂದು ತುತ್ತು ಬಾಯಿಗಿಟ್ಟವನು ಥೂ ಎಂದು ಉಗುಳಿ ನಕ್ಕುಬಿಟ್ಟ.

"ಎಲಾ ಇವಳ! ಲೀಡರ್, ಇದರಾಗ ಕಾಡಿ ಗೀರಿದ್ರ ಉರೀತದ. ನಿಮಗ ವಾಸನಿ ಬರಲಿಲ್ಲೇನ್ರಿ?"

ವೈನಿ ಒಳಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ನಾಚಿಕೆಯಿಂದಲ್ಲ. ಬಡವರ ಹೆಣ್ಣುಮಗಳಿಗೆ ನೋವಾಗದಿರಲಿ ಎಂದು ಘಾಸಲೇಟ್ ಉಂಡ ಮನುಷ್ಯ ಇವನು ಎಂದು. ಮರುದಿನ ಓಣಿಯ ತುಂಬ ಅದೇ ಸುದ್ದಿ, ಅದೇ ಹೊಗಳಿಕೆ. ಲೀಡರ್ ಮಾತ್ರ ಆ ಹೊತ್ತಿಗೆ ಕೈ ತೊಳೆದು, ಅಣ್ಣನ ಮುಖವನ್ನು ಒಂದು ಗಳಿಗೆ ನೋಡಿ, ಸೈಕಲ್ಲು ಹತ್ತಿ ಹೋದನಂತೆ.

ಅದರ ಮುಂದಿನ ಭಾನುವಾರ ಬಾಗಿಲ ಮುಂದೆ ಸಾಲು ನಿಂತಿತ್ತು. ನಾನಾಗ ಗುಲ್ಬರ್ಗಾದಲ್ಲಿ ಮಾಸ್ತರಿಕೆಯ ತರಬೇತಿಯಲ್ಲಿದ್ದೆ. ಅಲ್ಲಿ ಆದದ್ದನ್ನು ಅಣ್ಣನೂ ಹೇಳಿದ್ದಾನೆ, ಸಾಲಿನಲ್ಲಿದ್ದವರೂ ಹೇಳಿದ್ದಾರೆ, ಯಾರ ಮಾತಿನಲ್ಲೂ ಫರಕಿಲ್ಲ. ಅಣ್ಣನ ಸರದಿ ಬಂತು. ತನ್ನ ಮನೆಯಲ್ಲಿ ಉಂಡುಹೋದ ಗೆಳೆಯನೆಂಬ ಸಲಿಗೆಯಿಂದ ನಗುತ್ತ ಹೋಗಿ, ಲೀಡರನ ಮುಖವನ್ನೇ ನೋಡುತ್ತ ಊದಿದ.

"ಹೊರಗ."

ಅಣ್ಣ ಚಾಷ್ಟಿ-ತಮಾಷೆ ಅಂದುಕೊಂಡು ಇನ್ನಷ್ಟು ನಕ್ಕ. "ಇನ್ನೊಮ್ಮಿ ನೋಡ್ರಿ ಲೀಡರ್."

"ಹೊರಗ ಅಂದೆ."

"ಅಲ್ರೀ, ನಾ ಎಲ್ಲಿ ಕುಡದೀನಿ? ಹಿಂದ ನಿಂತಾವರಿಗಿ ಕೇಳ್ರಿ. ಏ, ನೀ ಬಾರೋ ಇಲ್ಲಿ, ನನ್ನ ಬಾಯಿ ಮೂಸಿ ಹೇಳು." ಹಿಂದೆ ನಿಂತಿದ್ದವನ ಮುಖಕ್ಕೆ ಅಣ್ಣ ಹಾ ಎಂದು ಊದಿದ. ಅವನು ಲೀಡರನ ಮುಖ ನೋಡಿದ. ಆಮೇಲೆ ಟವೆಲ್ಲು ತೆಗೆದು ಮೂಗಿಗೆ ಹಿಡಿದು ಹಿಂದಕ್ಕೆ ಸರಿದ. ಅವನ ಹಿಂದಿನವನೂ ಸರಿದ. ಸಾಲಿಗೆ ಸಾಲೇ ಸರಿದು ಅಣ್ಣನ ಸುತ್ತ ಜಾಗ ಖಾಲಿಯಾಯಿತು.

ವೈನಿ ಹೆಂಗಸರ ಗುಂಪಿನಲ್ಲಿ ನಿಂತಿದ್ದಳು. ಅಣ್ಣ ಅವಳ ಕಡೆ ತಿರುಗಿ, "ನೀನಾರ ಹೇಳಲೇ" ಎಂದ. ಅವಳು ಮುಖ ತಿರುಗಿಸಿ ನಡೆದಳು. ಮನೆಗೆ ಹೋಗಿ ಕೂಸನ್ನು ಬಗಲಿಗೆ ಹಾಕಿಕೊಂಡು, ಒಂದು ಗಂಟು ಕಟ್ಟಿಕೊಂಡು, ಚಂದಾಪುರದ ದಾರಿ ಹಿಡಿದಳು. ಅಣ್ಣ ಹಿಂದೆ ಓಡಿದ. "ಲೀಡರ್ ಬಾಯಲೇ ಒಳಗ ಅಂತ ಬರಲಿ. ಬಂದ ದಿನಾನೇ ನಾ ಬರ್ತೀನಿ" ಅಂದಳು. ಅಷ್ಟೇ.

ಅಂದಿನಿಂದ ಅಣ್ಣನ ಬದುಕು ಆ ಒಂದು ಮಾತಿಗೆ ಜೋತುಬಿತ್ತು. ಬೇರೆ ಯಾರಾದರೂ ಆಗಿದ್ದರೆ ಏನು ಮಾಡುತ್ತಿದ್ದರು? ಕುಡುಕ ಅಂದಿರಲ್ಲ, ತಗೊಳ್ಳಿ ಎಂದು ನೆಟ್ಟಗೆ ಅಂಗಡಿಗೆ ಹೋಗುತ್ತಿದ್ದರು. ನಾನಾಗಿದ್ದರೆ ಹೋಗುತ್ತಿದ್ದೆ. ಇವನು ಹೋಗಲಿಲ್ಲ. ರೈಲ್ವೆಯವರಿಗೆ ಜಲ್ಲಿ ಒಡೆಯುವ ಕೂಲಿಗೆ ಸೇರಿಕೊಂಡ, ಒಬ್ಬನೇ ಬೇಯಿಸಿಕೊಂಡ, ಒಂದು ಹನಿ ಮುಟ್ಟಲಿಲ್ಲ. ಪ್ರತಿ ಭಾನುವಾರ ಸ್ನಾನ ಮಾಡಿ, ಒಗೆದ ಅಂಗಿ ಹಾಕಿಕೊಂಡು, ಬಾಗಿಲ ಸಾಲಿನ ಕಟ್ಟಕಡೆಗೆ ಹೋಗಿ ನಿಲ್ಲುತ್ತಿದ್ದ. ಎಲ್ಲರೂ ಒಳಗೆ ಹೋದ ಮೇಲೆ ಹೊಸ್ತಿಲಿಗೆ ಬಂದು ಊದುತ್ತಿದ್ದ.

"ಇನ್ನೂ ಬರ್ತದ. ಹೊರಗ."

ಒಳಗೆ ಜನ ನಗುತ್ತಿದ್ದರು. ಮೊದಮೊದಲು ಸ್ವಲ್ಪ ಅಳುಕಿನಿಂದ, ಆಮೇಲೆ ಆರಾಮಾಗಿ. ಇವನು ಬಾರದಿದ್ದರೆ ಸಭೆ ಸಪ್ಪೆಯಾಗುತ್ತದೆ ಅನ್ನುವಷ್ಟು ರೂಢಿಯಾಯಿತು. ಹೊಸದಾಗಿ ಸೇರಿದ ಹುಡುಗರು ಅಣ್ಣ ಬರುವುದನ್ನೇ ಕಾದಿದ್ದು, ಅವನು ಊದುವ ಹೊತ್ತಿಗೆ ತಾವೂ ಒಟ್ಟಿಗೆ ಹಾ ಎಂದು ಊದಿ ಅಣಕಿಸುತ್ತಿದ್ದರು. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಯಿತು, ಬೋರ್ಡುಗಳೆಲ್ಲ ಬದಲಾದವು. ಅಣ್ಣನ ಭಾನುವಾರ ಬದಲಾಗಲಿಲ್ಲ. ನಾನು ಚಿತ್ತಾಪುರದಲ್ಲಿ ನೌಕರಿ ಹಿಡಿದ ಮೇಲೆ ಎಷ್ಟು ಸಲ ಹೇಳಿದ್ದೇನೋ, "ಯಣ್ಣಾ, ಸಾಕು ಮಾಡು. ಮಂದಿ ನಗಾಕತ್ತಾರ." ಅವನ ಉತ್ತರ ಒಂದೇ. "ನಗಲಿ ಬಿಡೋ. ಒಮ್ಮಿ ಅಂವ ಒಳಗ ಅಂದ್ರ ಸಾಕು, ಅಕಿ ಬರ್ತಾಳ." ಅವನಿಗೆ ಲೀಡರನ ಮೇಲೆ ಸಿಟ್ಟೂ ಇರಲಿಲ್ಲ, ನೋಡಿ. ಮೂಗು ಒಂದು ಸಲ ಮೋಸ ಮಾಡಿದೆ, ಎಂದಾದರೂ ಸರಿಹೋಗುತ್ತದೆ ಎಂದು ನಂಬಿದ್ದ. ನನಗೆ ಅದೇ ಉರಿ.

ನೌಕರಿ ಸಿಕ್ಕ ಹೊಸದರಲ್ಲಿ ಒಮ್ಮೆ ಲೀಡರನ ಹತ್ತಿರ ಜಗಳಕ್ಕೂ ಹೋಗಿದ್ದೆ. ಕೂತು ಕೇಳಿದ. ಆಮೇಲೆ, "ಮಾಸ್ತರ, ನಿಮಗ ಅಣ್ಣ ಒಬ್ಬಾನೇ. ನನಗ ಗಣಿ ತುಂಬ ಅದಾರ" ಎಂದು ಕ್ಯಾನು ಎತ್ತಿ ನೀರು ಕುಡಿದ. ನಾನು ಎದ್ದು ಬಂದೆ.

ಕಲ್ಲಿನ ಧೂಳು ಕಡೆಗೆ ಅಣ್ಣನ ಎದೆ ಸೇರಿತು. ಉಸಿರೆಳೆದರೆ ಸೀಟಿ ಹೊಡೆದ ಹಾಗೆ ಸದ್ದು. ನಡೆಯಲಾಗದೆ ಹೋದಾಗ ಚಿತ್ತಾಪುರಕ್ಕೆ, ನಮ್ಮ ಮನೆಗೆ ಕರೆತಂದೆ. ಭಾನುವಾರ ಬಂದರೆ ಎದ್ದು ಕೂತು, "ರೈಲು ಎಷ್ಟಕ್ಕದ?" ಅನ್ನುತ್ತಿದ್ದ. ಡಾಕ್ಟರು ನನ್ನನ್ನು ಹೊರಗೆ ಕರೆದು, ಇನ್ನು ಭಾಳ ದಿನ ಇಲ್ಲ ಎಂದರು. ಅಣ್ಣನಿಗೆ ವೈನಿ ಬೇಕಾಗಿತ್ತು, ಬಾಯಿಬಿಟ್ಟು ಕೇಳಲಿಲ್ಲ ಅಷ್ಟೇ. ಕಾಲಿಗೆ ಬಿದ್ದಾದರೂ ಆ ಮಾತು ಹೇಳಿಸಿಕೊಂಡು ಬರುತ್ತೇನೆ ಎಂದು ಬೆಳಗಿನ ಮೊದಲ ರೈಲಿಗೆ ವಾಡಿಗೆ ಹೊರಟೆ.

ಅಷ್ಟರಲ್ಲಿ ಲೀಡರನಿಗೂ ವಯಸ್ಸಾಗಿತ್ತು. ಹೊಸ ಹುಡುಗರು ಸಂಘ ನಡೆಸುತ್ತಿದ್ದರು, ಅಣ್ಣ ಹಾಸಿಗೆ ಹಿಡಿದ ಮೇಲೆ ಬಾಗಿಲ ಪದ್ಧತಿಯೂ ನಿಂತುಹೋಗಿತ್ತು. ಇವನು ಆಫೀಸಿನ ಹಿಂದಿನ ಕೋಣೆಯಲ್ಲಿ, ಚಾಚಾ ಸತ್ತ ಕೋಣೆಯಲ್ಲೇ, ಇದ್ದ. ನಾನು ಹೋದಾಗ ಮುಂದಿನ ಕಟ್ಟೆಯ ಮೇಲೆ ಪೇಪರು ಓದುತ್ತ ಕೂತಿದ್ದ. ಅಂಗಳಕ್ಕೆ ಕಾಲಿಡುವಾಗಲೇ ಸೀದ ವಾಸನೆ ನನ್ನ ಗಂಟಲು ಹಿಡಿಯಿತು. ಒಳಗೆ ಓಡಿದೆ. ಸ್ಟೌವಿನ ಮೇಲೆ ಹಾಲು ಇಂಗಿ, ಪಾತ್ರೆಯ ತಳ ಕರಿಕಲಾಗಿತ್ತು. ಬತ್ತಿ ಇಳಿಸಿ ಹೊರಗೆ ಬಂದೆ.

"ಹಾಲು ಸೀದು ಕರಕಾಗ್ಯದ ಲೀಡರ್. ನಿಮಗ ವಾಸನಿ ಬರಲಿಲ್ಲೇನ್ರಿ?"

ಅವನು ಪೇಪರು ಮಡಚಿಟ್ಟ. "ನಿಮ್ಮಣ್ಣನೂ ಹಿಂಗೇ ಕೇಳಿದ್ದ" ಎಂದ.

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅಲ್ಲೇ ಕಟ್ಟೆಯ ಮೇಲೆ ಕೂತೆ. "ಯಾವಾಗಿಂದ?" ಎಂದೆ.

"ಭಟ್ಟಿ ಬಿಟ್ಟಾಗಿಂದ. ಸುಣ್ಣದ ಧೂಳು ಒಳಗಿಂದೆಲ್ಲ ಸುಟ್ಟದ ಅಂದಿದ್ರು ಡಾಕ್ಟರ್. ಸಂಘ ಕಟ್ಟಾಕಿಂತ ಮೊದಲಿನ ಮಾತು."

"ಮತ್ತ ಬಾಗಲದಾಗ?"

"ಕಣ್ಣು ನೋಡ್ತಿದ್ದೆ. ಕುಡದಾವ ಊದೂ ಮುಂದ ಕಣ್ಣು ತಗ್ಗಸ್ತಾನ. ಭಾಳ ತಪ್ಪು ಆಗಲಿಲ್ಲ."

"ನಮ್ಮಣ್ಣ ತಗ್ಗಸಿದ್ನೇನು?"

"ಇಲ್ಲ. ನೆಟ್ಟಗ ನೋಡ್ದ. ಮ್ಯಾಲ ನಕ್ಕ. ಘಾಸಲೇಟ್ ಮಾತು ಕೇಳಿದಾವ ಅಂವ. ಇವನಿಗಿ ಗೊತ್ತಾಗಿಬಿಟ್ಟದ, ಅದಕ್ಕ ನಗಾಕತ್ತಾನ ಅಂದ್ಕೊಂಡೆ. ಒಳಗ ಬಿಟ್ರ ನಾಲ್ಕು ಮಂದಿಗಿ ಹೇಳ್ತಿದ್ದ. ಬಾಗಲ ಮುಗೀತಿತ್ತು."

"ಅವನಿಗಿ ಏನೂ ಗೊತ್ತಿದ್ದಿಲ್ರೀ! ನಗಸ್ಲಿಕ್ಕೆ ಕೇಳಿದ್ದ ಅಷ್ಟ."

"ಹೌದು. ಆಮ್ಯಾಲ ನನಗೂ ತಿಳೀತು."

"ಆಮ್ಯಾಲ ಅಂದ್ರ ಯಾವಾಗ?"

"ಅದೇ ವಾರದಾಗ" ಎಂದ ಲೀಡರ್.

ಅದೇ ವಾರ! ಅಂದರೆ ಅದಾದ ಮೇಲಿನ ಒಂದೊಂದು ಭಾನುವಾರವೂ ಗೊತ್ತಿದ್ದೇ ಅಂದ "ಹೊರಗ". ಗೊತ್ತಿದ್ದೇ ಅಂದ "ಇನ್ನೂ ಬರ್ತದ". ಅವನ ಕೊರಳಪಟ್ಟಿ ಹಿಡಿಯಬೇಕು ಅನ್ನಿಸಿತು. ಹಿಡಿಯಲಿಲ್ಲ, ಹಿಡಿಯಲು ಬಂದಿರಲಿಲ್ಲ, ಬೇಡಲು ಬಂದಿದ್ದೆ. ಅವನ ಕೈ ಹಿಡಿದುಕೊಂಡೆ. "ಅಂವ ಸಾಯಾಕತ್ತಾನ. ನಿಮ್ಮ ಮೂಗಿನ ಸುದ್ದಿ ಯಾರಿಗೂ ಬ್ಯಾಡ. ಅವತ್ತ ಅಂವ ಕುಡದಿದ್ದಿಲ್ಲ ಅಂತ ಒಂದು ಮಾತು ಹೇಳ್ರಿ. ಚಂದಾಪುರಕ್ಕ ನನ್ನ ಜೋಡಿ ಬರ್ರಿ, ಮೋಟಾರ ಮಾಡ್ತೀನಿ."

ಅವನು ಕೈ ಬಿಡಿಸಿಕೊಳ್ಳಲಿಲ್ಲ. ಸಮಾಧಾನದಿಂದಲೇ ಹೇಳಿದ. "ಒಮ್ಮಿ ತಪ್ಪ್ಯದ ಅಂದ್ರ ಹೊರಗ ಹಾಕಿದಾವರು ಎಲ್ಲಾ ಬರ್ತಾರ, ನಂದೂ ತಪ್ಪೇನು ಅಂತ. ಚಾಚಾನ ಬೀಬಿ ಬರ್ತಾಳ. ಬಿಟ್ಟಾವರು ಮತ್ತ ಅಂಗಡಿಗಿ ಹೋಗ್ತಾರ. ನಿಮ್ಮಣ್ಣನ ಸಂಸಾರ ಹೋಗ್ಯದ, ಖರೇ. ಎಷ್ಟು ಸಂಸಾರ ನಿಂತಾವ ನೋಡ್ರಿ. ನಾ ಹೇಳಂಗಿಲ್ಲ."

"ಸಾಯಲಿ ಅಂತೀರೇನು?"

"ಸಾಯಲಿ ಅನ್ನಂಗಿಲ್ಲ. ಹೇಳಂಗಿಲ್ಲ ಅಂತೀನಿ." ಆಮೇಲೆ, ಬಂದವರಿಗೆ ಏನೂ ಕೊಡಲಿಲ್ಲವಲ್ಲ ಎಂದು ನೆನಪಾಗಿ, "ಕುಂದ್ರಿ ಮಾಸ್ತರ, ತಳದಾಗ ಸ್ವಲ್ಪ ಹಾಲು ಉಳದಿದ್ರ ಚಹಾ ಮಾಡ್ತೀನಿ" ಎಂದ.

ನಾನು ಅಲ್ಲಿಂದಲೇ ಬಸ್ಸು ಹಿಡಿದು ಚಂದಾಪುರಕ್ಕೆ ಹೋದೆ. ದಾರಿಯುದ್ದಕ್ಕೂ ಒಂದೇ ಲೆಕ್ಕಾಚಾರ. ಅವನ ಬಾಯಿಂದ ಬಾರದಿದ್ದರೇನು, ಅವನಿಗೆ ಮೂಗೇ ಇರಲಿಲ್ಲ ಎಂದು ತಿಳಿದರೆ ವೈನಿ ಓಡಿ ಬರುತ್ತಾಳೆ. ಅವಳು ಅಲ್ಲಿ ಒಂದು ಹಾಸ್ಟೆಲಿನಲ್ಲಿ ಅಡುಗೆ ಮಾಡಿಕೊಂಡು ಮಗಳನ್ನು ಬೆಳೆಸಿದ್ದಳು. ಅಡುಗೆಮನೆಯ ಹೊರಗೆ ಮೊರದಲ್ಲಿ ಅಕ್ಕಿ ಹಸನು ಮಾಡುತ್ತ ಕೂತಿದ್ದಳು. ಕೂದಲು ಬೆಳ್ಳಗಾಗಿತ್ತು. ಎಲ್ಲ ಹೇಳಿದೆ, ಒಂದೂ ಬಿಡದೆ. ಅವಳ ಕೈ ನಿಂತಿತು.

"ಅವರಿಗಿ ಮೂಗು ಇದ್ದಿಲ್ಲ ಅಂತೀ" ಎಂದಳು.

"ಹೌದು ವೈನಿ. ಮೊದಲಿಂದೂ ಇದ್ದಿಲ್ಲ."

"ನನಗಿತ್ತಲ್ಲೋ ತಮ್ಮಾ."

ನಾನು ತಲೆಯೆತ್ತಿ ಅವಳ ಮುಖ ನೋಡಿದೆ.

"ಅವತ್ತ ಮುಂಜಾನಿ ನನ್ನ ಮಗ್ಗಲದಾಗೇ ಎದ್ದಾನ. ನನ್ನ ಕೈಲೇ ರೊಟ್ಟಿ ಉಂಡಾನ. ಬಾಗಲ ತನಕ ನನ್ನ ಜೋಡಿ ಮಾತಾಡ್ಕೋತ ನಡದಾನ. ವಾಸನಿ ಎಲ್ಲಿತ್ತು? ಇದ್ದಿಲ್ಲ. ನನಗ ಗೊತ್ತಿತ್ತು."

"ಗೊತ್ತಿದ್ದು ಮತ್ತ ಯಾಕ ಬಂದ್ರಿ ವೈನಿ?"

"ಲೀಡರ್ ಅಂದ್ರಲ್ಲ. ಅಷ್ಟೂ ಮಂದಿ ಮೂಗು ಮುಚ್ಚಿಕೊಂಡ್ರು. ನನ್ನ ಮೂಗಿಗೇ ಏನೋ ಆಗ್ಯದ ಅಂದ್ಕೊಂಡೆ. ಹೆಣ್ಣುಮಕ್ಕಳೆಲ್ಲ ನನ್ನ ಮಾರಿ ನೋಡಾಕತ್ತಿದ್ರು. ಮಂದಿ ಗಂಡಂದ್ರ ಗಡಿಗಿ ಒಡದಾಕಿ ನಾ. ನನ್ನ ಗಂಡ ಕುಡದಿಲ್ಲ ಅಂತ ಎದ್ದು ನಿಂತಿದ್ರ, ನೋಡು ಈಗ ಸುಳ್ಳ ಹೇಳ್ತಾಳ ಅಂತಿದ್ರು. ಬಂದುಬಿಟ್ಟೆ. ಬಂದ ಮ್ಯಾಲ ಹ್ಯಾಂಗ ಹೋಗಲಿ? ಏನಂತ ಹೋಗಲಿ?" ಮತ್ತೆ ಅಕ್ಕಿಗೆ ಕೈ ಹಾಕಿ, "ಅವರ ಬಾಯಲೇ ಬರಲಿ ಅಂತ ಕುಂತೆ" ಎಂದಳು.

ಮೊರ ಕೆಳಗಿಟ್ಟು ಎದ್ದಳು. ಆ ದಿನವೇ ನನ್ನ ಜೊತೆ ಬಂದಳು.

ನಾವು ಮನೆ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಅಣ್ಣ ಗೋಡೆಗೆ ಆನಿಸಿಟ್ಟ ದಿಂಬಿಗೆ ಒರಗಿ ಕಣ್ಣು ಮುಚ್ಚಿದ್ದ. ವೈನಿ ಹಾಸಿಗೆಯ ಅಂಚಿಗೆ ಕೂತಳು. ಅವನು ಕಣ್ಣು ತೆರೆದು ನೋಡಿದ, ಗುರುತು ಹಿಡಿದ. ಹ್ಯಾಗಿದ್ದೀ ಅನ್ನಲಿಲ್ಲ, ಯಾವಾಗ ಬಂದಿ ಅನ್ನಲಿಲ್ಲ. ಮೊಣಕೈ ಊರಿ ಮೇಲೆದ್ದು, ಇದ್ದಬದ್ದ ಉಸಿರೆಲ್ಲ ಎಳೆದುಕೊಂಡು, ಅವಳ ಮುಖಕ್ಕೆ ಊದಿದ.

ವೈನಿ ಕಣ್ಣು ಮುಚ್ಚಲಿಲ್ಲ. "ಇಲ್ಲ. ವಾಸನಿ ಇಲ್ಲ" ಎಂದಳು.

ಅಣ್ಣನ ಮುಖ ಅರಳಿತು. ಲೀಡರ್ ಹೇಳಿ ಕಳಿಸಿದ್ದಾನೆ ಅಂದುಕೊಂಡ, ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದ, ನೋಡಿದ್ಯಾ ಅನ್ನುವ ಹಾಗೆ. ಅಲ್ಲಿಗೆ ಅವಳು ನಿಲ್ಲಿಸಬಹುದಿತ್ತು. ನಿಲ್ಲಿಸಲಿ ದೇವರೇ ಎಂದು ನಾನು ಬೇಡಿಕೊಂಡೆ. ಅವಳು ಅಳುತ್ತ, "ಅವತ್ತೂ ಇದ್ದಿಲ್ಲ" ಎಂದಳು.

"ಅವತ್ತೂ?"

"ಹ್ಞೂಂ."

"ನಿನಗ ಗೊತ್ತಿತ್ತಾ?"

ವೈನಿ ತಲೆ ತಗ್ಗಿಸಿ ಹೌದು ಎಂದಳು.

ಅಣ್ಣ ಮೆಲ್ಲಗೆ ಮೊಣಕೈ ಸಡಿಲಿಸಿ ಮಲಗಿ, ಗೋಡೆಯ ಕಡೆ ಮಗ್ಗುಲಾದ. ಅವಳು ಅವನ ಬೆನ್ನಿನ ಮೇಲೆ ಕೈ ಇಟ್ಟಳು. ತೆಗೆ ಎಂದು ಅವನು ಅನ್ನಲಿಲ್ಲ. ಉಸಿರು ನಿಲ್ಲುವ ತನಕ ಈ ಕಡೆ ತಿರುಗಲೂ ಇಲ್ಲ.